ಎಡಭುಜದ ಹಿಂದಿನ ದನಿ

ನಾಮನಿರ್ದೇಶನದ ನಮೂನೆಯ ಏಳನೆಯ ಕಲಮಿನಲ್ಲಿ ಒಂದು ಹೆಸರಿಗಷ್ಟೇ ಜಾಗವಿತ್ತು. ಹಿಮ್ಮೇಳದವರಿದ್ದರೆ ಅವರ ವಿವರವನ್ನು ಬೇರೆ ಹಾಳೆಯಲ್ಲಿ ಲಗತ್ತಿಸಬೇಕೆಂದು ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. ಕಲಮಿನಲ್ಲಿ ಅಜ್ಜಿಯ ಹೆಸರನ್ನೂ ಬೇರೆ ಹಾಳೆಯಲ್ಲಿ ಅವರ ಶಿಷ್ಯೆಯ ಹೆಸರನ್ನೂ ನಾನೇ ಟೈಪು ಮಾಡಿದೆ. ಎರಡು ಸಲ ತಾಳೆ ನೋಡಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಜೊತೆಗಿಟ್ಟ ಹಾಡಿನಲ್ಲಿದ್ದ ದನಿ ಯಾರದೆಂಬುದು ಮಾತ್ರ ತಪ್ಪಾಗಿತ್ತು. ಅದು ನನಗೆ ಗೊತ್ತಾದದ್ದು ರಾಷ್ಟ್ರೀಯ ಸಂಗೀತ ಪ್ರಶಸ್ತಿ ಘೋಷಣೆಯಾದ ಮೇಲೆ.

ಆಗ ನಾನು ಕೂಡ್ಲಿಗಿಯ ಒಂದು ಸಣ್ಣ ಜಾನಪದ ದಾಖಲಾತಿ ಕೇಂದ್ರದಲ್ಲಿದ್ದೆ. ದಿನವೂ ಕೊಟ್ಟೂರಿನಿಂದ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಳೆಯ ಧ್ವನಿಮುದ್ರಣಗಳನ್ನು ಕೇಳುವುದು, ಗಾಳಿಯ ಸದ್ದು ತಗ್ಗಿಸುವುದು, ಯಾರು ಹಾಡಿದರು, ಎಲ್ಲಿ, ಯಾವ ದಿನ ಎಂಬುದನ್ನು ವಿವರಪಟ್ಟಿಯಲ್ಲಿ ತುಂಬುವುದು ನನ್ನ ಕೆಲಸ. ಜನರೊಂದಿಗೆ ಹೆಚ್ಚು ಮಾತಾಡಬೇಕಾಗಿರಲಿಲ್ಲ. ಅದು ನನಗೆ ಒಗ್ಗುತ್ತಿತ್ತು.

ಹಿರೇಹಡಗಲಿ ಕಡೆಯ ಒಂದು ಹಳ್ಳಿಯ ಅಜ್ಜಿಯ ಹೆಸರಿನಲ್ಲಿ ಹನ್ನೊಂದು ಧ್ವನಿಮುದ್ರಣಗಳಿದ್ದವು. ಕುರಿಗಾರರ ದೇವರ ಕಥೆಯನ್ನು ಹಾಡುವ ಮನೆತನ ಅದು. ಒಬ್ಬರು ಕಥೆಯನ್ನು ಎತ್ತುತ್ತಾರೆ, ಸಾಲಿನ ಕೊನೆಗೆ ಇನ್ನೊಬ್ಬರು ಅದೇ ಮರುನುಡಿಯನ್ನು ಹಿಡಿದು ಕೊಡುತ್ತಾರೆ. ಹಾಡಿಗೆ ಪದ, ಆ ಮರುನುಡಿಗೆ ಸೊಲ್ಲು ಎನ್ನುತ್ತಾರೆ. ಈ ಹನ್ನೊಂದನ್ನೂ ಆರು ವರ್ಷಗಳ ಹಿಂದೆ ಮುದ್ರಿಸಿದ್ದ ನಮ್ಮ ತಂತ್ರಜ್ಞರು ನಾನು ಕೆಲಸಕ್ಕೆ ಸೇರುವ ಮೊದಲೇ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಒಂದು ಕ್ರಮವನ್ನು ಕೇಂದ್ರದಲ್ಲಿ ಎಲ್ಲರೂ ಪಾಲಿಸುತ್ತಿದ್ದೆವು. ಹಾಡಿಗೆ ಮುನ್ನ ಮೈಕಿನ ಮುಂದೆಯೇ ಹೆಸರು, ಊರು ಹೇಳಿಸಬೇಕು. ಅದು ಪೀಠಿಕೆ. ವಿವರಪಟ್ಟಿಯಲ್ಲಿ ಪೀಠಿಕೆಯಲ್ಲಿ ಕೇಳಿಸಿದ್ದನ್ನೇ ಬರೆಯಬೇಕು, ಊಹೆಯಿಂದ ಒಂದಕ್ಷರವನ್ನೂ ಸೇರಿಸಬಾರದು.

ಹನ್ನೊಂದು ಪೀಠಿಕೆಗಳಲ್ಲೂ ತಂತ್ರಜ್ಞರು "ಹಾಡೋರು ಯಾರು ಹೇಳ್ರಿ" ಎಂದು ಕೇಳುತ್ತಾರೆ. ಒಂದು ತುಂಬು ದನಿ ಅಜ್ಜಿಯ ಹೆಸರನ್ನು ಹೇಳುತ್ತದೆ. ಬಳಿಕ ಅದೇ ದನಿ ಕಥೆಯನ್ನು ಎತ್ತುತ್ತದೆ. ಅದರ ಹಿಂದೆ ಒಡೆದ, ತಗ್ಗಿದ ಇನ್ನೊಂದು ದನಿ ಸೊಲ್ಲು ಹಿಡಿಯುತ್ತದೆ. ಇದರಲ್ಲಿ ಅನುಮಾನಪಡುವುದು ಏನಿತ್ತು?

ನಾಮನಿರ್ದೇಶನಕ್ಕೆ ಮುನ್ನ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳಲು ಒಮ್ಮೆ ಮಾತ್ರ ಹಳ್ಳಿಗೆ ಹೋಗಿದ್ದೆ. ಅಜ್ಜಿ ಅಂಗಳದಲ್ಲಿ ಕಾಲು ಚಾಚಿ ಕುಳಿತು ಉಣ್ಣೆ ಹಿಂಜುತ್ತಿದ್ದರು. ಮಾತು ಗಾಳಿ ಸೋರಿದಂತೆ ಬರುತ್ತಿತ್ತು. ನಾನು ಫೋನಿನಲ್ಲಿ ಒಂದು ಹಾಡು ಕೇಳಿಸಿ, ಇವು ನಿಮ್ಮವೇ ಅಲ್ಲವೇ ಎಂದು ಕೇಳಿದೆ.

"ನನ್ನವ. ಮತ್ಯಾರವು?" ಎಂದರು. "ನಮ್ಮವ್ವ ಕೊಟ್ಟಿದ್ದು. ಒಂದು ನುಡಿ ಹೆಚ್ಚಿಲ್ಲ, ಒಂದು ಕಡಿಮಿಲ್ಲ."

ದನಿ ಹೀಗಿದೆಯಲ್ಲ ಎಂಬ ಪ್ರಶ್ನೆ ನನ್ನ ಬಾಯಿಗೆ ಬಂದಿತ್ತು. ಕೇಳುವುದು ಮರ್ಯಾದೆಯಲ್ಲ ಎನಿಸಿತು. ನೆಗಡಿ ಇರಬಹುದು, ವಯಸ್ಸಿರಬಹುದು ಎಂದುಕೊಂಡೆ. ಜೊತೆಗೆ ಹಾಡುವ ಶಿಷ್ಯೆಯ ಹೆಸರನ್ನು ಅವರಿಂದಲೇ ಕೇಳಿ ಬರೆದುಕೊಂಡು, ಕೂಡ್ಲಿಗಿಗೆ ಬಂದು ಪರಿಚಯ ಟಿಪ್ಪಣಿ ಬರೆದೆ. "ಎಪ್ಪತ್ತು ದಾಟಿದರೂ ಮಾಸದ ಕಂಠ" ಎಂಬ ಸಾಲನ್ನು ಬರೆದವಳು ನಾನು. ಹನ್ನೊಂದರಲ್ಲಿ ಒಂದನ್ನು ಆರಿಸಿ, ಮೂರು ನಿಮಿಷಕ್ಕೆ ಕತ್ತರಿಸಿ ಜೊತೆಗಿಟ್ಟೆ. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಅದನ್ನು ನೂರಾರು ಸಲ ಕೇಳಿರಬೇಕು. ಆ ದನಿಗೆ ಒಂದು ಅಭ್ಯಾಸವಿತ್ತು. ಎರಡನೆಯ ಸಾಲಿನ ಕೊನೆಗೆ ಎಲ್ಲರೂ ಉಸಿರು ತೆಗೆದುಕೊಳ್ಳುವ ಕಡೆ ಅದು ನಿಲ್ಲುತ್ತಿರಲಿಲ್ಲ. ಮೂರನೆಯ ಸಾಲಿನ ಮಧ್ಯದಲ್ಲಿ, ಒಂದು ದೀರ್ಘಾಕ್ಷರದ ಅರ್ಧಕ್ಕೆ, ಕದ್ದಂತೆ ಸಣ್ಣ ಉಸಿರು ಎಳೆದುಕೊಳ್ಳುತ್ತಿತ್ತು. ಗಣಕಯಂತ್ರದ ಪರದೆಯ ಮೇಲೆ ಅದು ತರಂಗದ ನಡುವೆ ಒಂದು ಸೂಜಿಮೊನೆಯಷ್ಟು ಬಿಳಿ ಜಾಗವಾಗಿ ಕಾಣುತ್ತಿತ್ತು.

ಪ್ರಶಸ್ತಿ ಬಂತು. ದೇಶದ ಬೇರೆಬೇರೆ ಕಡೆಯ ಶಾಸ್ತ್ರೀಯ ಗಾಯಕರು, ವಾದ್ಯಗಾರರ ಪಟ್ಟಿಯಲ್ಲಿ ಅಜ್ಜಿಯ ಹೆಸರೂ ಇತ್ತು. ಮಾರನೆಯ ವಾರ ಆಯೋಜಕರ ಪತ್ರ ಬಂತು. ಬೆಳಗ್ಗೆ ಪ್ರದಾನ, ಸಂಜೆ ಪುರಸ್ಕೃತರಿಂದ ತಲಾ ಹತ್ತು ನಿಮಿಷದ ಪ್ರಸ್ತುತಿ. ಪುರಸ್ಕೃತರಿಗೂ ಒಬ್ಬ ಸಹಾಯಕರಿಗೂ ವಿಮಾನ, ಹಿಮ್ಮೇಳದವರಿಗೆ ರೈಲು. ಹತ್ತು ನಿಮಿಷಕ್ಕೆ ಹಾಡನ್ನು ಹೊಂದಿಸಲು ನಾನು ರೆಕಾರ್ಡರ್ ಹೊತ್ತು ಹಳ್ಳಿಗೆ ಹೋದೆ.

ಶಿಷ್ಯೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ನಲವತ್ತು ದಾಟಿದ ಹೆಂಗಸು. ಅವರಿಗೆ ಬಿಡುವಾಗುವುದು ಮಕ್ಕಳು ಉಂಡು ಪಾತ್ರೆ ತೊಳೆದ ಮೇಲೆ. ಆದ್ದರಿಂದ ಅಡುಗೆ ಕೋಣೆಯ ಪಕ್ಕದ ದಿನಸಿ ಕೋಣೆಯಲ್ಲೇ ಅಭ್ಯಾಸಕ್ಕೆ ಕುಳಿತೆವು. ಅಕ್ಕಿ ಮೂಟೆಗಳು ಗೋಡೆಗೆ ಸಾಲಾಗಿದ್ದುದರಿಂದ ದನಿ ಗೋಡೆಗೆ ಬಡಿದು ಮಾರ್ದನಿಸುತ್ತಿರಲಿಲ್ಲ. ಅಜ್ಜಿ ತಾಳ ಹಿಡಿದು ಮುಂದೆ ಕುಳಿತರು. ಶಿಷ್ಯೆ ಅವರ ಎಡಭುಜದ ಹಿಂದೆ, ಒಂದು ಮೊಳ ದೂರದಲ್ಲಿ ಕುಳಿತರು. ನಾನು ಇಬ್ಬರಿಗೂ ಒಂದೊಂದು ಮೈಕು ಇಟ್ಟೆ.

"ಲೇ ಹುಡುಗೀ, ಮೊದ್ಲು ಆ ಸೆರಗಿನ ಸಾರು ಒರಸ್ಕ. ಡೆಲ್ಲಿಗೆ ಹೊಂಟಾಕಿ ಸಾಂಬಾರ ವಾಸನಿ ಹೊಡೀತಾಳ," ಎಂದರು ಅಜ್ಜಿ.

"ಅಲ್ಲಿ ಮೈಕಿಗೆ ಮೂಗು ಇರ್ತೈತೇನಬೇ?" ಎಂದು ಶಿಷ್ಯೆ ನಕ್ಕರು.

ಅಜ್ಜಿ ತಾಳ ತಟ್ಟಿದರು. ಆದರೆ ಕಥೆಯನ್ನು ಎತ್ತಿದ್ದು ಹಿಂದಿನಿಂದ. ಎರಡನೆಯ ಸಾಲಿನ ಕೊನೆಗೆ ದನಿ ನಿಲ್ಲಲಿಲ್ಲ. ಮೂರನೆಯ ಸಾಲಿನ ದೀರ್ಘಾಕ್ಷರದ ಅರ್ಧಕ್ಕೆ ಆ ಸಣ್ಣ ಉಸಿರು ಬಂತು. ನಾನು ಹೆಡ್‌ಫೋನಿನ ಎಡಬದಿಯನ್ನು ಒತ್ತಿ ಹಿಡಿದೆ. ಬಲಬದಿಯಲ್ಲಿ ಅಜ್ಜಿಯ ಒಡೆದ ದನಿ ಸೊಲ್ಲು ಹಿಡಿಯುತ್ತಿತ್ತು. ಹನ್ನೊಂದರಲ್ಲೂ ಕೇಳಿದ್ದ ಎರಡನೆಯ ದನಿ ಅದೇ.

ಮರುದಿನ ಕೇಂದ್ರದಲ್ಲಿ ಹಳೆಯ ಹನ್ನೊಂದನ್ನೂ ಹೊಸದರ ಪಕ್ಕಕ್ಕಿಟ್ಟು ನೋಡಿದೆ. ಸೂಜಿಮೊನೆಯ ಬಿಳಿ ಜಾಗ ಎಲ್ಲದರಲ್ಲೂ ಇತ್ತು. ಪೀಠಿಕೆಗಳನ್ನು ಮತ್ತೆ ಕೇಳಿದೆ. ಅಜ್ಜಿಯ ಹೆಸರನ್ನು ಹೇಳುತ್ತಿದ್ದ ಆ ತುಂಬು ದನಿಯೂ ಶಿಷ್ಯೆಯದೇ.

ಕೇಂದ್ರದ ನಿರ್ದೇಶಕರು ಹರಪನಹಳ್ಳಿ ಕಡೆಯವರು. ಕೆಟ್ಟವರಲ್ಲ. ಎರಡೂ ತುಣುಕುಗಳನ್ನು ಕಣ್ಣುಮುಚ್ಚಿ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಬಹಳ ಹೊತ್ತು ಅದರ ವೈರನ್ನು ಸುತ್ತುತ್ತಿದ್ದರು.

"ನೋಡಮ್ಮಾ, ಈಗ ಪತ್ರ ಬರೆದ್ರೆ ಏನಾಗುತ್ತೆ? ಶಿಷ್ಯೆಗೆ ಕೊಡ್ತಾರಾ? ಇಲ್ಲ. ಅಜ್ಜಿದು ಕಿತ್ಕೊಂತಾರೆ, ಅಷ್ಟೇ. ಮುಂದೆ ಈ ಕಡೆಯಿಂದ ಹೋದ ಅರ್ಜಿ ಒಂದನ್ನೂ ಬಿಚ್ಚಿ ನೋಡಲ್ಲ. ಪ್ರಶಸ್ತಿ ಆ ಪದಕ್ಕೆ ಬಂತು ಅಂತ ತಿಳ್ಕೊ."

"ಪದಕ್ಕೆ ಬಂದಿದ್ದರೆ ಸರಿ ಸರ್. ಅವರು ಕಂಠಕ್ಕೆ ಕೊಟ್ಟಿದ್ದಾರೆ. ನಾನೇ ಹಾಗೆ ಬರೆದಿದ್ದೇನೆ," ಎಂದೆ.

ನಾನು ತಿದ್ದುಪಡಿ ಪತ್ರವನ್ನು ಟೈಪು ಮಾಡಿ, ಸಹಿ ಹಾಕಿ, ಲಕೋಟೆಯಲ್ಲಿಟ್ಟುಕೊಂಡು ಮತ್ತೆ ಹಳ್ಳಿಗೆ ಹೋದೆ. ಅಂಚೆಗೆ ಹಾಕುವ ಮೊದಲು ಇಬ್ಬರಿಗೂ ತಿಳಿಸಬೇಕೆಂಬುದು ನನ್ನ ಲೆಕ್ಕ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಲಕೋಟೆಯನ್ನು ಬ್ಯಾಗಿನ ಒಳಜೇಬಿಗೆ ಸರಿಸಿದ್ದು ನೆನಪಿದೆ. ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳುತ್ತಿದ್ದೇನೆಂಬ ಒಂದು ಬಗೆಯ ನೆಮ್ಮದಿ ಆಗ ಇತ್ತು.

ಅಜ್ಜಿ ನನ್ನ ಮಾತನ್ನು ಪೂರ್ತಿ ಕೇಳಿದರು. ಅವರಿಗೆ ಆಶ್ಚರ್ಯವಾಗಲಿಲ್ಲ.

"ಅದರಾಗ ತಪ್ಪೇನೈತಿ ತಂಗೀ? ನನ್ನ ಗಂಟ್ಲು ಕುಂತು ಒಂಬತ್ತು ವರ್ಷ ಆತು. ಗುರುವಿನ ಗಂಟ್ಲು ಕುಂತ್ರ ಶಿಷ್ಯ ಆದಾಕಿ ಎತ್ತಬೇಕು, ಗುರು ಸೊಲ್ಲು ಹಿಡೀಬೇಕು. ಕುಂದ್ರೋ ಜಾಗ ಬದಲಾಗಂಗಿಲ್ಲ, ಹೆಸರು ಬದಲಾಗಂಗಿಲ್ಲ. ನಮ್ಮವ್ವಗೂ ಹಂಗ ಆಗಿತ್ತು. ಆಕಿ ಇರೋತನ ನಾನೂ ಆಕಿ ಹೆಸರೇ ಹೇಳೀನಿ. ಪದ ಯಾರದು ಅಂತ ಯಾರರ ಕೇಳಿದ್ರ, ಇರೋ ಗುರುವಿನ ಹೆಸರು ಹೇಳಬೇಕು. ಪದ ನಂದು, ಗಂಟ್ಲು ಆಕಿದು. ಸುಳ್ಳು ಎಲ್ಲೈತಿ?"

ಆರು ವರ್ಷದ ಹಿಂದೆ ತಂತ್ರಜ್ಞರು "ಹಾಡೋರು ಯಾರು" ಎಂದು ಕೇಳಿದಾಗ, ಶಿಷ್ಯೆಯ ಮಟ್ಟಿಗೆ ಅವರು ಕೇಳಿದ್ದು ಪದ ಯಾರದು ಎಂಬ ಈ ಪ್ರಶ್ನೆಯನ್ನೇ. ಬೇರೆ ಉತ್ತರ ಅವರಲ್ಲಿರಲಿಲ್ಲ. ಎತ್ತುವವರು ಯಾರೆಂದು ತಂತ್ರಜ್ಞರಿಗೆ ಎದುರಿಗೇ ಕಾಣುತ್ತಿದ್ದಿರಬೇಕು. ಅವರೂ ಕೇಳಿಸಿದ್ದನ್ನೇ ಬರೆಯುವ ನಿಯಮಕ್ಕೆ ಕಟ್ಟುಬಿದ್ದರೋ ಏನೋ.

ಶಿಷ್ಯೆ ಒಲೆಯ ಮುಂದೆ ಕುಳಿತು ಚಹಾ ಸೋಸುತ್ತಿದ್ದರು. ನಾನು ಅವರ ಕಡೆ ತಿರುಗಿ, ನಿಮಗೇನನಿಸುತ್ತದೆ ಎಂದೆ.

"ನನ್ನ ಹೆಸರು ಹಾಕಬ್ಯಾಡ್ರಿ ಮೇಡಂ. ಅವ್ವ ಇನ್ನ ಅದಾಳ." ಅಜ್ಜಿಯನ್ನು ಅವರು ಅವ್ವ ಎಂದೇ ಕರೆಯುತ್ತಿದ್ದರು. ಲೋಟ ಕೊಟ್ಟರು. "ಒಂದು ಹೇಳ್ರಿ. ಅಲ್ಲಿ ನನ್ನ ಹಾಡಾಕ ಬಿಡ್ತಾರಲ್ರಿ? ಅಷ್ಟು ಮಂದಿ ಮುಂದ ಒಂದ್ಸಲ ಪೂರಾ ಗಂಟ್ಲು ಬಿಟ್ಟು ಹಾಡಬೇಕು. ಹಾಡಿದ ಮ್ಯಾಲ ಕೇಳಿದೋರಿಗೆ ಗೊತ್ತಾಗ್ತೈತಿ. ಹೆಸರು ಯಾಕ ಬೇಕು?"

"ಕೇಳಿಸುತ್ತೆ. ಅದನ್ನ ನಾನು ನೋಡಿಕೊಳ್ತೀನಿ," ಎಂದೆ.

ಲಕೋಟೆ ಬ್ಯಾಗಿನಲ್ಲೇ ಉಳಿಯಿತು. ಆ ದಿನ ಮಾಡಿದ ತೀರ್ಮಾನ ಅದು. ಇಬ್ಬರೂ ಬೇಡವೆಂದ ಮೇಲೆ ನನ್ನ ಪತ್ರ ನನ್ನ ಮನಸ್ಸಿನ ಭಾರ ಇಳಿಸುವುದಕ್ಕೆ ಮಾತ್ರ ಎನಿಸಿತು. ಬದಲಿಗೆ ಒಂದು ಕೆಲಸವಿತ್ತು. ಆ ಸಭಾಂಗಣದಲ್ಲಿ, ಆ ಹತ್ತು ನಿಮಿಷ, ಎಡಭುಜದ ಹಿಂದಿನ ದನಿ ಕೇಳಿಸಬೇಕು. ಅದು ನನ್ನ ವಿದ್ಯೆಗೆ ಸೇರಿದ ಕೆಲಸ, ಮಾಡಬಲ್ಲೆ ಎಂದುಕೊಂಡೆ.

ವಿಮಾನ ಬೇಡವೆಂದರು ಅಜ್ಜಿ. "ಆಕಿ ಕೆಳಗ, ನಾ ಮ್ಯಾಲ ಹೋಗಂಗಿಲ್ಲ," ಎಂದರು. ಮೂವರೂ ಗುಂತಕಲ್ಲಿನಿಂದ ರೈಲು ಹತ್ತಿದೆವು. ಶಿಷ್ಯೆ ಐದು ದಿನದ ಅಡುಗೆಗೆ ತಂಗಿಯನ್ನು ಬದಲಿ ಇಟ್ಟು ಬಂದಿದ್ದರು. ದಾರಿಯುದ್ದಕ್ಕೂ ಬೆಚ್ಚಗಿನ ನೀರು ಕುಡಿದರು, ಮಾತು ಕಡಿಮೆ ಮಾಡಿದರು.

ಸಮಾರಂಭದ ಹಿಂದಿನ ದಿನ ಪುರಸ್ಕೃತರೆಲ್ಲರಿಗೂ ತಾಲೀಮು. ಎಲ್ಲಿಂದ ಎದ್ದು, ಎಷ್ಟು ಹೆಜ್ಜೆ ನಡೆದು, ಎಲ್ಲಿ ನಿಂತು, ಯಾವ ಕೈಯಲ್ಲಿ ಫಲಕ ಹಿಡಿದು, ಯಾವ ಕಡೆ ತಿರುಗಿ ಫೋಟೋಕ್ಕೆ ನಿಲ್ಲಬೇಕು ಎಂದು ವೇದಿಕೆ ನಿರ್ವಾಹಕಿ ಹಿಂದಿಯಲ್ಲಿ ಹೇಳುತ್ತಿದ್ದರು. ನಾನು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ದೇಶಕ್ಕೆಲ್ಲ ಗೊತ್ತಿರುವ ಒಬ್ಬ ವಾದ್ಯಗಾರರು ನಮ್ಮ ಮುಂದೆಯೇ ನಾಲ್ಕು ಸಲ ಖಾಲಿ ಕೈಯಲ್ಲಿ ಫಲಕ ಹಿಡಿದು ನಿಂತರು.

"ಮದಿವ್ಯಾಗೂ ನನಗ ಇಷ್ಟು ನಡಿಯಾಕ ಕಲಿಸಿದ್ದಿಲ್ಲ," ಎಂದರು ಅಜ್ಜಿ. ಶಾಲು ಹೊದಿಸುವ ಭಾಗ ಬಂದಾಗ, "ನಾವು ಕಂಬಳಿಯೋರು. ಇಷ್ಟು ತೆಳ್ಳಂದು ಹೊದ್ರ ಹೊದ್ದಂಗೂ ಅಲ್ಲ, ಬಿಟ್ಟಂಗೂ ಅಲ್ಲ," ಎಂದು ನಗಿಸಿದರು.

ಧ್ವನಿ ಪರೀಕ್ಷೆಗೆ ನಮಗೆ ಕೊಟ್ಟಿದ್ದು ಏಳು ನಿಮಿಷ. ವೇದಿಕೆಯ ನಕ್ಷೆಯಲ್ಲಿ ಪುರಸ್ಕೃತರ ಮುಂದೆ ಒಂದು ದೊಡ್ಡ ಮೈಕು, ಹಿಮ್ಮೇಳಕ್ಕೆ ದೂರದಲ್ಲಿ ಒಂದು. ಅಜ್ಜಿಗೆ ನೆಗಡಿಯಾಗಿದೆ, ಹಿಂದೆ ಕುಳಿತವರಿಗೆ ಹತ್ತಿರದ ಮೈಕು ಬೇಕು ಎಂದು ಧ್ವನಿ ತಂತ್ರಜ್ಞನಿಗೆ ಹೇಳಿದೆ. ಅವನು ಒಳ್ಳೆಯ ಕೆಲಸಗಾರ. ಒಂದು ಸಣ್ಣ ಸ್ಟ್ಯಾಂಡು ತಂದು ಶಿಷ್ಯೆಯ ಬಾಯಿಂದ ಒಂದು ಗೇಣು ದೂರಕ್ಕೆ ನಿಲ್ಲಿಸಿದ. ಶಿಷ್ಯೆ ಎರಡೇ ಸಾಲು ಎತ್ತಿದರು. ಖಾಲಿ ಕುರ್ಚಿಗಳ ಸಾಲಿನಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಹೆಂಗಸು ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟರು. ತಂತ್ರಜ್ಞ ದನಿಯ ಮಟ್ಟ ಏರಿಳಿಸುವ ಫೇಡರಿನ ಪಕ್ಕಕ್ಕೆ ಅಂಟುಪಟ್ಟಿ ಹಚ್ಚಿ ಗುರುತು ಮಾಡಿಕೊಂಡ. ನನ್ನ ಮಾತು ಉಳಿಯಿತು ಎಂದುಕೊಂಡೆ.

ಮರುದಿನ ಬೆಳಗ್ಗೆ ಪ್ರದಾನ ನಡೆಯಿತು. ಹೆಸರು ಕರೆದಾಗ ಅಜ್ಜಿ ಎಣಿಸಿದಷ್ಟೇ ಹೆಜ್ಜೆ ನಡೆದರು. ಅವರ ಪರಿಚಯವನ್ನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಓದಿದರು. "ಎಪ್ಪತ್ತು ದಾಟಿದರೂ ಮಾಸದ ಕಂಠ" ಎಂಬ ನನ್ನ ಸಾಲು ಎರಡು ಭಾಷೆಗಳಲ್ಲಿ ಎರಡು ಸಲ ಸಭಾಂಗಣದಲ್ಲಿ ಕೇಳಿಸಿತು. ಶಿಷ್ಯೆ ನನ್ನ ಪಕ್ಕದಲ್ಲಿದ್ದರು. "ಏನಂದ್ರು?" ಎಂದು ಕೇಳಿದರು. ಅಜ್ಜಿಯನ್ನು ಹೊಗಳಿದರು ಎಂದೆ. ಅವರು ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು.

ಪ್ರಸ್ತುತಿ ಸಂಜೆ ಐದಕ್ಕೆ. ನಮ್ಮದು ಮೂರನೆಯದು. ಎರಡನೆಯವರು ಮುಗಿಸುತ್ತಿದ್ದಾಗ ಪರದೆಯ ಹಿಂದೆ ಜಾಗ ಸಿದ್ಧಮಾಡುತ್ತಿದ್ದರು. ನಾನು ನೋಡುವಷ್ಟರಲ್ಲಿ ಸಣ್ಣ ಸ್ಟ್ಯಾಂಡು ಇರಲಿಲ್ಲ. ನೇರಪ್ರಸಾರದ ನಿರ್ದೇಶಕ ತೆಗೆಸಿದ್ದ. ಪಕ್ಕದ ಕ್ಯಾಮೆರಾದಿಂದ ನೋಡಿದರೆ ಅದು ಪುರಸ್ಕೃತರ ಮುಖಕ್ಕೆ ಅಡ್ಡ ಬರುತ್ತದಂತೆ. ಹಿಮ್ಮೇಳದ ಮೈಕು ಮತ್ತೆ ದೂರಕ್ಕೆ ಹೋಗಿತ್ತು. ಅದರ ಮಟ್ಟ ಏರಿಸಿದರೆ ಕಿರುಚುತ್ತದೆ ಎಂದು ತಂತ್ರಜ್ಞ ಕೈಸನ್ನೆಯಲ್ಲಿ ಹೇಳಿದ. ಇನ್ನು ಮೂರು ನಿಮಿಷವಿತ್ತು.

ನಾನು ಶಿಷ್ಯೆಯ ಬಳಿಗೆ ಓಡಿದೆ. "ಮುಂದೆ ಬಂದು ಕುಳಿತುಕೊಳ್ಳಿ. ಅಜ್ಜಿಯ ಸಮಕ್ಕೆ. ದೊಡ್ಡ ಮೈಕು ಇಬ್ಬರಿಗೂ ಆಗುತ್ತೆ," ಎಂದೆ.

"ಅವ್ವನ ಸಮಕ್ಕ ಹೆಂಗ ಕುಂದರಲ್ರಿ?"

ಅಜ್ಜಿ ತಿರುಗಿ ನೋಡಿದರು. "ಬಾರಲೇ ಮುಂದಕ. ನಾ ಹೇಳಾಕತ್ತೀನಲ್ಲ."

"ನೀ ಹೇಳಿದ್ರೂ ನಿನ್ನ ಸಮಕ್ಕ ಕುಂತಾಕಿ ನಾನ ಅಲ್ಲೇನು? ಬರಂಗಿಲ್ಲ. ಸುಮ್ಕಿರು, ನಾ ಜೋರ ಹಾಡ್ತೀನಿ."

ಇನ್ನೊಂದು ದಾರಿ ಇತ್ತು. ಆ ಪ್ರಸಾರ ನಿರ್ದೇಶಕನ ಬಳಿಗೆ ಹೋಗಿ, ಹಾಡುವವರು ಹಿಂದೆ ಕುಳಿತವರು, ಮುಂದೆ ಕುಳಿತವರಲ್ಲ ಎಂದು ಹೇಳುವುದು. ಐದು ಶಬ್ದಗಳ ಸತ್ಯ. ಹತ್ತು ಹೆಜ್ಜೆಯ ದೂರದಲ್ಲಿ ಅವನು ನಿಂತಿದ್ದ. ಹೇಳಿದರೆ ಬೆಳಗ್ಗೆ ಕೊಟ್ಟ ಫಲಕದ ಗತಿ ಏನು, ಕೇಂದ್ರದ್ದೇನು, ಅಜ್ಜಿಯದೇನು ಎಂದು ಒಂದೊಂದಾಗಿ ಯೋಚಿಸುತ್ತ ನಿಂತೆ. ಪರದೆ ಎದ್ದಿತು.

ಅಜ್ಜಿಯ ತಾಳ ಸ್ಪಷ್ಟವಾಗಿ ಕೇಳಿಸಿತು. ಅವರ ಉಸಿರು ಕೇಳಿಸಿತು. ಸಾಲಿನ ಕೊನೆಗೊಮ್ಮೆ ಒಡೆದ ದನಿಯ ಸೊಲ್ಲು ಇಡೀ ಸಭಾಂಗಣವನ್ನು ತುಂಬಿತು. ನಡುವೆ ಕಥೆ ಇರಬೇಕಾದಲ್ಲಿ, ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿರುವಂತೆ ಒಂದು ದನಿ. ನಾನು ಪರದೆಯ ಪಕ್ಕದಲ್ಲಿ, ಶಿಷ್ಯೆಯಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ನನಗೆ ಪೂರ್ತಿ ಕೇಳಿಸುತ್ತಿತ್ತು. ಅವರ ಕುತ್ತಿಗೆಯ ನರ ಬಿಗಿದಿತ್ತು. ಕಣ್ಣು ಮುಚ್ಚಿದ್ದರು. ದಿನಸಿ ಕೋಣೆಯಲ್ಲಿ, ಹನ್ನೊಂದು ಧ್ವನಿಮುದ್ರಣಗಳಲ್ಲಿ, ಎಲ್ಲಿಯೂ ಅವರು ಹಾಗೆ ಹಾಡಿರಲಿಲ್ಲ. ಹತ್ತು ನಿಮಿಷವೂ ತಮ್ಮ ದನಿ ಆ ಕತ್ತಲ ಕುರ್ಚಿಗಳವರೆಗೆ ಹೋಗುತ್ತಿದೆ ಎಂದೇ ಅವರು ನಂಬಿದ್ದರು.

ಮುಗಿದಾಗ ಜನ ಎದ್ದು ನಿಂತರು. ಆ ವಯಸ್ಸಿನಲ್ಲಿ ಅಷ್ಟು ದೂರ ಬಂದ ಮುದುಕಿಗೆ ಗೌರವ ಅದು. ಶಿಷ್ಯೆ ನನ್ನ ಬಳಿ ಬಂದು, ಏದುಸಿರು ಬಿಡುತ್ತ, "ಕೇಳಿಸ್ತಲ್ರಿ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

ಅಜ್ಜಿಗೆ ಮಾತ್ರ ಗೊತ್ತಾಗಿತ್ತು. ಮುಂದಿದ್ದ ಸ್ಪೀಕರಿನಿಂದ ತಮ್ಮ ದನಿಯೊಂದೇ ತಮಗೆ ಮರಳಿ ಬರುತ್ತಿದ್ದುದನ್ನು ಅವರು ಕೇಳಿದ್ದರು. ಮರಳುವ ರೈಲಿನಲ್ಲಿ ಬೆಳಗಿನ ಹೊತ್ತು, ಕಿಟಕಿಯ ಹೊರಗೆ ನೋಡುತ್ತ ಹೇಳಿದರು.

"ನಿನ್ನ ದನಿ ಅವರಿಗೆ ಮುಟ್ಟಲಿಲ್ಲಲೇ."

ಶಿಷ್ಯೆ ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಿದೆ. ಆಮೇಲೆ ಅವರು ಅಜ್ಜಿಗೆ, "ನಿನಗ ಕೇಳಿಸ್ತಲ್ಲ, ಬಿಡು," ಎಂದರು. ನನ್ನೊಂದಿಗೆ ಗುಂತಕಲ್ಲಿನವರೆಗೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿ ಮರುವರ್ಷ ತೀರಿಕೊಂಡರು. ಸುದ್ದಿ ಬಂದ ದಿನ ವಿವರಪಟ್ಟಿಯಲ್ಲಿ ಅವರ ಹೆಸರಿನ ಮುಂದಿನ ಖಾಲಿ ಚೌಕದಲ್ಲಿ ಮರಣದ ದಿನಾಂಕ ತುಂಬಿ, ಬಸ್ಸು ಹತ್ತಿದೆ. ಹನ್ನೊಂದನೆಯ ದಿನ ಮನೆತನದ ಹಿರಿಯರು ಅಜ್ಜಿಯ ತಾಳವನ್ನು ಶಿಷ್ಯೆಯ ಮಡಿಲಿಗೆ ಹಾಕಿದರು. ಒಬ್ಬರು ಎಲ್ಲರಿಗೂ ಕೇಳುವಂತೆ, "ಪದ ಯಾರದವ್ವಾ?" ಎಂದರು. ಶಿಷ್ಯೆ ತಲೆ ತಗ್ಗಿಸಿ ತಮ್ಮ ಹೆಸರನ್ನು ಹೇಳಿದರು. ಬೇರೆ ಹಾಳೆಯಲ್ಲಿ ನಾನು ಟೈಪು ಮಾಡಿದ್ದ ಹೆಸರನ್ನು ಅವರ ಬಾಯಿಂದ ಕೇಳಿದ್ದು ಅಂದೇ ಮೊದಲು. ಹೇಳಿದ ಮೇಲೆ ಅವರು ಅತ್ತರು.

ನಾನು ಏನಾದರೂ ಮಾಡಬೇಕಿತ್ತು. ಒಂದು ಪ್ರಸಾರ ಸಂಸ್ಥೆಯ ಗಾಯಕರ ಪಟ್ಟಿಗೆ ಧ್ವನಿ ಪರೀಕ್ಷೆ ಇತ್ತು. ಅವರನ್ನು ಒಪ್ಪಿಸಿ, ನಮೂನೆ ತುಂಬಿ, ನಾನೇ ಕರೆದುಕೊಂಡು ಹೋದೆ. ಅವರು ಒಳಗೆ ಹಾಡುವಾಗ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಚೆನ್ನಾಗಿ ಹಾಡಿದರು. ಮೂರು ವಾರದ ಬಳಿಕ ಫಲಿತಾಂಶ ಕೇಂದ್ರದ ವಿಳಾಸಕ್ಕೆ ಬಂತು. ಆಯ್ಕೆಯಾಗಿರಲಿಲ್ಲ. ಷರಾ ಕಲಮಿನಲ್ಲಿ ಎರಡು ವಾಕ್ಯಗಳಿದ್ದವು. ರಾಷ್ಟ್ರೀಯ ಪ್ರಶಸ್ತಿ ಪುರಸ್ಕೃತ ಕಲಾವಿದೆಯ ಧ್ವನಿಮುದ್ರಣಗಳ ಯಥಾವತ್ ಅನುಕರಣೆ. ಸ್ವಂತ ದನಿ ಕಂಡುಬರುವುದಿಲ್ಲ.

ಆ ಕಾಗದವನ್ನು ಹಳ್ಳಿಗೆ ಒಯ್ದು ಓದಿ ಹೇಳಿದೆ. ಜೊತೆಗೆ ಒಂದು ಹೇಳಿಕೆಯನ್ನೂ ಸಿದ್ಧಪಡಿಸಿಕೊಂಡು ಹೋಗಿದ್ದೆ. ಹನ್ನೊಂದು ಧ್ವನಿಮುದ್ರಣಗಳಲ್ಲಿ ಕಥೆ ಎತ್ತಿರುವ ದನಿ ತಮ್ಮದೆಂದು ಅವರು ಬರೆದುಕೊಡಬೇಕು. ಉಸಿರಿನ ಗುರುತು, ತರಂಗಗಳ ಚಿತ್ರ ಎಲ್ಲವನ್ನೂ ನಾನು ಲಗತ್ತಿಸುತ್ತೇನೆ, ತಪ್ಪು ನನ್ನದೆಂದು ಸಹಿ ಹಾಕುತ್ತೇನೆ ಎಂದೆ. ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಇದಕ್ಕ ಸಹಿ ಮಾಡಿದ್ರ ಅವ್ವ ಏನಾಗ್ತಾಳ್ರಿ?"

ನಾನು ಹೇಳಿಕೆಯ ಹಾಳೆಯನ್ನು ಮೊರದ ಪಕ್ಕಕ್ಕಿಟ್ಟೆ.

"ಕಳ್ಳಿ ಆಗ್ತಾಳ. ಹೌದಲ್ರಿ? ಇನ್ನೊಬ್ಬಾಕಿ ಗಂಟ್ಲು ತೋರಿಸಿ ಶಾಲು ಹೊದ್ದು ಬಂದಾಳ ಅಂತಾರ. ಊರಾಗ ಎಲ್ಲಾರಿಗೂ ಗೊತ್ತಿತ್ತು ಎತ್ತಾಕಿ ನಾನು ಅಂತ. ಯಾರೂ ತಪ್ಪು ಅಂದಿದ್ದಿಲ್ಲ. ನಿಮ್ಮ ಫಲಕ ಬಂದ ಮ್ಯಾಲ ಅದು ತಪ್ಪಾತು." ದನಿ ಏರಲಿಲ್ಲ. "ಹನ್ನೊಂದನೇ ದಿನ ನನ್ನ ಹೆಸರು ನನಗ ಬಂದಿತ್ತು. ಈಗ ಅದನ್ನ ಹೇಳಿದ್ರ ಆಕಿ ಹೆಸರು ಕೆಡ್ತೈತಿ. ಬ್ಯಾಡ್ರಿ."

"ಹಾಡುವುದನ್ನ ಮಾತ್ರ ನಿಲ್ಲಿಸಬೇಡಿ," ಎಂದೆ.

"ನಿಲ್ಲಿಸಿ ಏನ ಮಾಡ್ಲಿ? ಉಳದ ಪದ ಬಾಳ ಅದಾವ. ಬರ್ರಿ ಬೇಕಾದ್ರ, ಹಿಡ್ಕೊಂಡು ಹೋಗ್ರಿ."

ಹೋದೆ. ಅದೇ ದಿನಸಿ ಕೋಣೆ, ಅದೇ ಮೂಟೆಗಳು. ಅವರು ತಾಳ ಹಿಡಿದು ಹಳೆಯ ಜಾಗದಲ್ಲೇ ಕುಳಿತರು. ಅವರ ಮುಂದೆ ಒಂದು ಚಾಪೆ ಖಾಲಿ ಹಾಸಿತ್ತು. ಮೈಕನ್ನು ಅವರ ಬಾಯಿಂದ ಒಂದು ಗೇಣು ದೂರಕ್ಕೆ ನಿಲ್ಲಿಸಿದೆ. ಇಲ್ಲಿ ತೆಗೆಸುವವರು ಯಾರೂ ಇರಲಿಲ್ಲ. ಮಟ್ಟ ನೋಡಿದೆ, ಗುಂಡಿ ಒತ್ತಿದೆ, ಪೀಠಿಕೆಯ ಪ್ರಶ್ನೆ ಕೇಳಿದೆ.

"ಹಾಡೋರು ಯಾರು ಹೇಳ್ರಿ."

ಹನ್ನೆರಡು ಸೆಕೆಂಡು ಏನೂ ಇಲ್ಲ. ಹೊರಗೆ ತಪ್ಪಲೆ ಉಜ್ಜುವ ಸದ್ದು ಮಾತ್ರ ಮುದ್ರಣವಾಗಿದೆ. ಬಳಿಕ ಆ ತುಂಬು ದನಿ ಅಜ್ಜಿಯ ಹೆಸರನ್ನು ಹೇಳಿತು. ಅದೇ ಉಸಿರಿನಲ್ಲಿ ಕಥೆ ಎತ್ತಿತು. ಸಾಲಿನ ಕೊನೆಗೆ ಸೊಲ್ಲು ಹಿಡಿಯಬೇಕಾದಲ್ಲೆಲ್ಲ ತಾಳ ಒಂದೇ ಕೇಳಿಸುತ್ತದೆ.

ಕೂಡ್ಲಿಗಿಗೆ ಬಂದು ವಿವರಪಟ್ಟಿ ತೆರೆದೆ. ಪೀಠಿಕೆಯಲ್ಲಿ ಕೇಳಿಸಿದ್ದನ್ನೇ ಬರೆಯಬೇಕೆಂಬ ನಿಯಮವನ್ನು ಮೀರಲಿಲ್ಲ. ಹಾಡಿದವರ ಕಲಮಿನಲ್ಲಿ ಅಜ್ಜಿಯ ಹೆಸರನ್ನು ಬರೆದೆ. ಹಿಮ್ಮೇಳದ ಕಲಮನ್ನು ಖಾಲಿ ಬಿಟ್ಟೆ. ಧ್ವನಿಮುದ್ರಣದ ದಿನಾಂಕದ ಕಲಮಿನಲ್ಲಿ ಆ ದಿನದ ದಿನಾಂಕವನ್ನು ಬರೆದು, ಎರಡು ಸಲ ತಾಳೆ ನೋಡಿದೆ. ಅದೇ ಸಾಲಿನಲ್ಲಿ, ಪಕ್ಕದ ಚೌಕದಲ್ಲಿ, ಆ ಹೆಸರಿನೊಂದಿಗೆ ಅಜ್ಜಿಯ ಮರಣದ ದಿನಾಂಕವೂ ತಾನಾಗಿ ಬಂದಿತ್ತು. ಹಾಡಿದ ದಿನ ಮರಣಕ್ಕಿಂತ ಏಳು ತಿಂಗಳು ಈಚಿನದಾಗಿತ್ತು. ಅದನ್ನು ತಿದ್ದದೆ ಉಳಿಸಿ ಪಟ್ಟಿಯನ್ನು ಮುಚ್ಚಿದೆ.